ತುಂಗಭದ್ರೆಯ ಹರಿಗೋಲು: ಬಳ್ಳಾರಿ ಸೀಮೆಯಲ್ಲಿ ತೇಲುವಿಕೆಯ ಚರಿತ್ರೆ

ಬಳ್ಳಾರಿ ನಗರಕ್ಕೆ ನದಿಯಿಲ್ಲ. ಎರಡು ಕಗ್ಗಲ್ಲಿನ ಗುಡ್ಡಗಳ ಬುಡದಲ್ಲಿ ಬೆಳೆದ ಈ ಊರಿನ ಪೂರ್ವಕ್ಕೆ ಹರಿಯುವ ವೇದಾವತಿ, ಅಂದರೆ ಸ್ಥಳೀಯರು ಹಗರಿ ಎಂದು ಕರೆಯುವ ಹೊಳೆ, ವರ್ಷದ ಬಹುಭಾಗ ಮರಳಿನ ಬಯಲಾಗಿಯೇ ಉಳಿಯುತ್ತದೆ. ಆದರೆ ಊರಿನಿಂದ ವಾಯವ್ಯಕ್ಕೆ ಕುರುಗೋಡಿನ ಗುಡ್ಡಗಳನ್ನು ಹಾದು ಕಂಪ್ಲಿಯ ಕಡೆಗೆ ಹೋದರೂ, ನೇರ ಉತ್ತರಕ್ಕೆ ಸಿರುಗುಪ್ಪದ ಕಡೆಗೆ ಹೋದರೂ ಹಾದಿ ಕೊನೆಗೆ ತುಂಗಭದ್ರೆಯ ದಡದಲ್ಲಿ ನಿಲ್ಲುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಸೇತುವೆಗಳು ಬರುವವರೆಗೂ ಮಳೆಗಾಲದಲ್ಲಿ ಆ ದಡದಿಂದ ಮುಂದಿನ ಪ್ರಯಾಣ ಬಿದಿರಿನಿಂದ ಹೆಣೆದು ಚರ್ಮ ಹೊದಿಸಿದ ದುಂಡನೆಯ ದೋಣಿಯಲ್ಲಿ, ಅಂದರೆ ಹರಿಗೋಲಿನಲ್ಲಿ ಸಾಗಬೇಕಿತ್ತು. ಈ ಸೀಮೆಯ ಚರಿತ್ರೆಯನ್ನು ಸಾಮಾನ್ಯವಾಗಿ ಕೋಟೆ, ಗುಡಿ ಮತ್ತು ಶಾಸನಗಳ ಮೂಲಕ ಬರೆಯಲಾಗಿದೆ. ಕಲ್ಲು ಉಳಿಯುತ್ತದೆ, ಬಿದಿರು ಕೊಳೆಯುತ್ತದೆ ಎಂಬುದೇ ಅದಕ್ಕೆ ಕಾರಣ. ಹೀಗಿದ್ದರೂ ಕೆಲವು ವಸ್ತುಗಳು ನೀರಿನಲ್ಲಿ ಏಕೆ ತೇಲುತ್ತವೆ ಎಂಬ ಪ್ರಶ್ನೆಗೆ ಈ ನದಿಯ ಅಂಬಿಗರು ಕಂಡುಕೊಂಡ ಉತ್ತರ ಶತಮಾನಗಳ ಕಾಲ ಬಹುಮಟ್ಟಿಗೆ ಬದಲಾಗದೆ ಉಳಿದು, ಕೊನೆಗೆ ನದಿಯೇ ಬದಲಾದಾಗ ಮಾತ್ರ ಹಿಂದೆ ಸರಿಯಿತು ಎಂಬುದು ಗಮನಿಸಬೇಕಾದ ಸಂಗತಿ.

ನದಿಯ ಸ್ವಭಾವ ಮತ್ತು ದಾಟುವ ಅಗತ್ಯ

ಹೊಸಪೇಟೆಯಿಂದ ಕೆಳಗೆ ತುಂಗಭದ್ರೆ ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿದು, ಆನೆಗೊಂದಿ ಮತ್ತು ಹಂಪಿಯನ್ನು ದಾಟಿದ ಮೇಲೆ ಕಂಪ್ಲಿಯ ಬಳಿ ಅಗಲವಾಗುತ್ತದೆ. ಸಿರುಗುಪ್ಪದ ಬಳಿ ಎರಡು ಕವಲಾಗಿ ಒಡೆದು ನಡುವೆ ದೇಶನೂರಿನ ನಡುಗಡ್ಡೆಯನ್ನು ಸುತ್ತುವರಿಯುತ್ತದೆ. ಪಶ್ಚಿಮಘಟ್ಟದಲ್ಲಿ ಮುಂಗಾರು ಬಲವಾದಾಗ ಈ ಬಯಲುಸೀಮೆಯಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಹೊಳೆ ಉಕ್ಕಿ ಬರುತ್ತಿತ್ತು, ಬೇಸಗೆಯಲ್ಲಿ ಅದೇ ಹೊಳೆಯನ್ನು ಹಲವು ಕಡೆ ಮೊಣಕಾಲುದ್ದದ ನೀರಿನಲ್ಲಿ ನಡೆದೇ ದಾಟಬಹುದಾಗಿತ್ತು. ಇಂತಹ ನದಿಯಲ್ಲಿ ಉದ್ದಕ್ಕೂ ಪ್ರಯಾಣ ಮಾಡುವ ಜಲಮಾರ್ಗ ಬೆಳೆಯುವುದು ಕಷ್ಟ. ವಿಜಯನಗರದ ಅರಸರು ನದಿಗೆ ಅಡ್ಡಲಾಗಿ ಕಟ್ಟಿಸಿದ ಕಲ್ಲಿನ ಅಣೆಕಟ್ಟುಗಳು, ಮತ್ತು ಅವುಗಳಿಂದ ತೆಗೆದ ರಾಯ, ಬಸವಣ್ಣ, ತುರ್ತು, ಕಂಪ್ಲಿ, ಸಿರುಗುಪ್ಪ, ದೇಶನೂರು ಮುಂತಾದ ಕಾಲುವೆಗಳು ಬೇಸಾಯಕ್ಕೆ ಅನುಕೂಲವಾದಷ್ಟೇ ನದಿಯುದ್ದದ ಸಂಚಾರಕ್ಕೆ ತಡೆಯಾದವು. ಆದ್ದರಿಂದ ತುಂಗಭದ್ರೆಯ ದೋಣಿಗೆ ಒಂದೇ ಕೆಲಸ ಉಳಿಯಿತು: ಈ ದಡದಿಂದ ಆ ದಡಕ್ಕೆ ಜನವನ್ನೂ ಸರಕನ್ನೂ ಸಾಗಿಸುವುದು.

ಈ ದಾಟುವಿಕೆ ಎಷ್ಟು ಹಳೆಯದು ಎಂಬುದಕ್ಕೆ ಪರೋಕ್ಷವಾದ, ಆದರೆ ಗಟ್ಟಿಯಾದ ಸಾಕ್ಷ್ಯ ಸಿರುಗುಪ್ಪ ತಾಲ್ಲೂಕಿನಲ್ಲಿಯೇ ಇದೆ. ಇದೇ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ ನವಶಿಲಾಯುಗದ ಜನ ನೆಲೆಸಿದ್ದರೆಂಬುದನ್ನು 1960ರ ದಶಕದ ಉತ್ಖನನ ತೋರಿಸಿಕೊಟ್ಟಿತು. ಅದರ ನಂತರದ ಕಾಲಕ್ಕೆ ಸೇರಿದ ಅಶೋಕನ ಕಿರು ಬಂಡೆಶಾಸನಗಳು ನಿಟ್ಟೂರು ಮತ್ತು ಉಡೇಗೋಳಂ ಎಂಬ ಊರುಗಳಲ್ಲಿ 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದವು. ಇವು ನದಿಯ ಬಲಭಾಗದಲ್ಲಿದ್ದರೆ ಮಸ್ಕಿ ಮತ್ತು ಕೊಪ್ಪಳದ ಶಾಸನಗಳು ಎಡಭಾಗದಲ್ಲಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಒಂದೇ ಅರಸನ ಒಂದೇ ಸಂದೇಶ ನದಿಯ ಎರಡೂ ಬದಿಯ ಬಂಡೆಗಳ ಮೇಲೆ ಕೆತ್ತಲ್ಪಟ್ಟಿತೆಂದರೆ, ಆಗಲೇ ಈ ನದಿಯನ್ನು ದಾಟುವ ಹಾದಿಗಳು ರೂಢಿಯಲ್ಲಿದ್ದವು ಎಂದು ತಿಳಿಯಬೇಕು. ಅಂದಿನವರು ಯಾವ ಸಾಧನದಿಂದ ದಾಟಿದರು ಎಂಬುದನ್ನು ಶಾಸನಗಳು ಹೇಳುವುದಿಲ್ಲ.

ನಿಟ್ಟೂರಿನ ಬಂಡೆ ಮತ್ತು ಸಿರಾಕ್ಯೂಸಿನ ಗಣಿತಜ್ಞ

ನಿಟ್ಟೂರಿನಲ್ಲಿ ಶಾಸನ ಕೆತ್ತಿದ ಅದೇ ಶತಮಾನದಲ್ಲಿ ಮೆಡಿಟರೇನಿಯನ್ ಸಮುದ್ರದ ಸಿಸಿಲಿ ದ್ವೀಪದಲ್ಲಿ, ಸಿರಾಕ್ಯೂಸ್ ಎಂಬ ನಗರದಲ್ಲಿ ಬಾಳಿದ ಆರ್ಕಿಮಿಡೀಸ್ ತೇಲುವ ವಸ್ತುಗಳ ಬಗ್ಗೆ ಎರಡು ಭಾಗಗಳ ಗ್ರಂಥವೊಂದನ್ನು ರಚಿಸಿದನು. ಮೊದಲ ಭಾಗದಲ್ಲಿ ಅವನು ನಿರೂಪಿಸಿದ ನಿಯಮ ಸರಳವಾದುದು: ದ್ರವದಲ್ಲಿ ಇಳಿದ ಯಾವುದೇ ವಸ್ತುವನ್ನು ಆ ದ್ರವ ಮೇಲಕ್ಕೆ ಒತ್ತುತ್ತದೆ, ಆ ಒತ್ತುವಿಕೆಯ ಬಲ ವಸ್ತು ಪಕ್ಕಕ್ಕೆ ಸರಿಸಿದ ದ್ರವದ ತೂಕಕ್ಕೆ ಸಮ. ಈ ಮೇಲ್ಮುಖ ಬಲವನ್ನು ಕನ್ನಡದ ವಿಜ್ಞಾನ ಪುಸ್ತಕಗಳು ಪ್ಲವನ ಬಲ ಎಂದು ಕರೆಯುತ್ತವೆ. ಬಲ ಎಲ್ಲಿಂದ ಹುಟ್ಟುತ್ತದೆ ಎಂದರೆ, ನೀರಿನ ಒತ್ತಡ ಆಳಕ್ಕೆ ಹೋದಂತೆ ಹೆಚ್ಚುವುದರಿಂದ ಮುಳುಗಿದ ವಸ್ತುವಿನ ತಳವನ್ನು ಮೇಲಕ್ಕೆ ದೂಡುವ ಒತ್ತಡ ಅದರ ನೆತ್ತಿಯನ್ನು ಕೆಳಕ್ಕೆ ದೂಡುವ ಒತ್ತಡಕ್ಕಿಂತ ಅಧಿಕವಾಗಿರುತ್ತದೆ. ಆ ವ್ಯತ್ಯಾಸವೇ ಪ್ಲವನ ಬಲ. ಪೂರ್ತಿ ಮುಳುಗುವ ಮೊದಲೇ ತನ್ನ ತೂಕದಷ್ಟು ನೀರನ್ನು ಸರಿಸಬಲ್ಲ ವಸ್ತು ತೇಲುತ್ತದೆ, ಪೂರ್ತಿ ಮುಳುಗಿದರೂ ಅಷ್ಟು ನೀರನ್ನು ಸರಿಸಲಾರದ ವಸ್ತು ತಳ ಸೇರುತ್ತದೆ.

ಈ ನಿಯಮವನ್ನು ಬಳ್ಳಾರಿ ಸೀಮೆಯ ವಸ್ತುಗಳಿಗೆ ಅನ್ವಯಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಅಷ್ಟೇ ಗಾತ್ರದ ಕುರುಗೋಡಿನ ಕಗ್ಗಲ್ಲು ಎರಡೂವರೆ ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ, ಸಂಡೂರಿನ ಒಳ್ಳೆಯ ಕಬ್ಬಿಣದ ಅದಿರು ಐದು ಕಿಲೋದಷ್ಟು ತೂಗುತ್ತದೆ, ಎರಡೂ ಮುಳುಗುತ್ತವೆ. ಒಣಗಿದ ಸೋರೆಬುರುಡೆ, ಬೆಂಡು ಮತ್ತು ಗಂಟಿನ ನಡುವೆ ಗಾಳಿ ತುಂಬಿದ ಬಿದಿರು ತೇಲುತ್ತವೆ. ಹಂಪಿ ಮತ್ತು ಆನೆಗೊಂದಿಯ ಪರಿಸರವನ್ನು ಜನ ಕಿಷ್ಕಿಂಧೆ ಎಂದು ನಂಬಿ ಬಂದಿರುವುದರಿಂದ, ಕಪಿಗಳು ಕಟ್ಟಿದ ತೇಲುವ ಕಲ್ಲಿನ ಸೇತುವೆಯ ಕಥೆ ಇಲ್ಲಿ ಮನೆಮಾತಾಗಿದೆ. ಪ್ರಕೃತಿಯಲ್ಲಿ ತೇಲುವ ಕಲ್ಲೂ ಇರುವುದು ನಿಜ: ಜ್ವಾಲಾಮುಖಿಯ ಲಾವಾ ನೊರೆಯಾಗಿ ಉಕ್ಕಿ ಹೆಪ್ಪುಗಟ್ಟಿದಾಗ ಒಳಗೆ ಅಸಂಖ್ಯ ಗಾಳಿಗುಳ್ಳೆಗಳನ್ನು ಹಿಡಿದಿಡುವ ಪ್ಯೂಮಿಸ್ ಎಂಬ ಶಿಲೆ ನೀರಿನ ಮೇಲೆ ನಿಲ್ಲುತ್ತದೆ. ತೆಲಂಗಾಣದ ರಾಮಪ್ಪ ಗುಡಿಯ ಶಿಖರಕ್ಕೆ ಹದಿಮೂರನೆಯ ಶತಮಾನದ ಕುಶಲಿಗಳು ಬಳಸಿದ ಹಗುರ ಇಟ್ಟಿಗೆ ತೇಲುವುದೂ ಒಳಗಿನ ರಂಧ್ರಗಳಿಂದಲೇ. ಭೂಗರ್ಭದ ಆಳದಲ್ಲಿ ನಿಧಾನವಾಗಿ ತಣಿದು ಗಟ್ಟಿಯಾದ ಬಳ್ಳಾರಿಯ ಕಗ್ಗಲ್ಲಿಗೆ ಅಂತಹ ರಂಧ್ರಗಳಿಲ್ಲ.

ಸಿರುಗುಪ್ಪದ ಭತ್ತದ ಬೇಸಾಯದಲ್ಲಿ ಇದೇ ನಿಯಮ ಬೀಜ ಆರಿಸುವ ಕೆಲಸಕ್ಕೆ ಬಂದಿದೆ. ಬಿತ್ತುವ ಮುನ್ನ ಭತ್ತವನ್ನು ಉಪ್ಪುನೀರಿಗೆ ಸುರಿದರೆ ಜೊಳ್ಳು ಮತ್ತು ಅರೆಬಲಿತ ಕಾಳು ಮೇಲೆ ತೇಲಿ, ತುಂಬಿದ ಕಾಳು ತಳಕ್ಕೆ ಇಳಿಯುತ್ತದೆ. ಉಪ್ಪು ಬೆರೆಸಿದ ನೀರು ಸಿಹಿನೀರಿಗಿಂತ ಭಾರವಾದುದರಿಂದ ಬರಿಯ ನೀರಿನಲ್ಲಿ ಮುಳುಗಿಬಿಡುವ ಅರೆಬಲಿತ ಕಾಳು ಕೂಡ ಅದರಲ್ಲಿ ಮೇಲೆ ಬರುತ್ತದೆ. ಉಪ್ಪು ಸಾಕಾಯಿತೇ ಎಂದು ತಿಳಿಯಲು ಹಸಿ ಮೊಟ್ಟೆಯೊಂದನ್ನು ಹಾಕಿ ಅದು ತೇಲುವವರೆಗೆ ಉಪ್ಪು ಬೆರೆಸಬೇಕೆಂದು ಕೃಷಿ ಇಲಾಖೆಗಳು ರೈತರಿಗೆ ಹೇಳುತ್ತಾ ಬಂದಿವೆ.

ಬಿದಿರು, ಚರ್ಮ, ಎಣ್ಣೆ

ತಾನಾಗಿಯೇ ತೇಲುವ ಬೆಂಡು ಅಥವಾ ಸೋರೆಬುರುಡೆಗೆ ಹೊರಬಲ್ಲ ಭಾರ ಕಡಿಮೆ. ಹೆಚ್ಚು ಭಾರ ಹೊರಬೇಕಾದರೆ ಹಗುರವಾದ ಚಿಪ್ಪೊಂದನ್ನು ಕಟ್ಟಿ, ಅದರೊಳಗೆ ನೀರು ಬಾರದಂತೆ ತಡೆದು, ಒಳಗಿನ ಬರಿದಾದ ಜಾಗದಿಂದ ನೀರನ್ನು ಸರಿಸಬೇಕು. ಹರಿಗೋಲಿನ ರಚನೆ ಈ ಉದ್ದೇಶವನ್ನು ಅತಿ ಕಡಿಮೆ ಸಾಮಗ್ರಿಯಿಂದ ಸಾಧಿಸುತ್ತದೆ. ಬಿದಿರನ್ನು ಸೀಳಿ ದಬ್ಬೆಗಳನ್ನು ಮಾಡಿ, ಅವನ್ನು ನೆಲದ ಮೇಲೆ ಒಂದಕ್ಕೊಂದು ಅಡ್ಡಲಾಗಿ ಹಾಸಿ ಚಪ್ಪಟೆ ತಳವನ್ನು ಹೆಣೆಯುತ್ತಾರೆ. ತಳದ ಮೇಲೆ ಕಲ್ಲು ಹೇರಿ, ಹೊರಚಾಚಿದ ದಬ್ಬೆಗಳ ತುದಿಗಳನ್ನು ಮೇಲಕ್ಕೆ ಬಾಗಿಸಿ, ಸುತ್ತಲೂ ಅಡ್ಡಪಟ್ಟಿಗಳಿಂದ ನೇಯ್ದು, ಕೊನೆಗೆ ಬಾಯಂಚನ್ನು ದಪ್ಪನಾಗಿ ಸುತ್ತಿ ಬಿಗಿಯುತ್ತಾರೆ. ಹಿಂದಿನ ಕಾಲದಲ್ಲಿ ಈ ಬುಟ್ಟಿಯ ಹೊರಮೈಗೆ ಎತ್ತು ಎಮ್ಮೆಗಳ ತೊಗಲನ್ನು ಹೊಲಿದು ಹೊದಿಸಿ, ಎಣ್ಣೆ ಉಣಿಸುತ್ತಿದ್ದರು. ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಬಾನಿಯನ್ನು ಹೊಲಿಯುವವರ ಕುಶಲತೆಯೇ ಇಲ್ಲಿಯೂ ಬೇಕಾಗುತ್ತಿತ್ತು. ಅಲ್ಲಿ ಹೊಲಿಗೆ ನೀರನ್ನು ಒಳಗೆ ಹಿಡಿದಿಡಬೇಕು, ಇಲ್ಲಿ ಹೊರಗೆ ತಡೆಯಬೇಕು.

ಚರ್ಮದ ಹರಿಗೋಲಿಗೆ ಒಂದು ದೊಡ್ಡ ದೋಷವಿತ್ತು. ಹೆಚ್ಚು ಹೊತ್ತು ನೀರಿನಲ್ಲಿದ್ದರೆ ತೊಗಲು ನೀರು ಕುಡಿದು ಭಾರವಾಗುತ್ತದೆ, ಒಣಗಿಸದೆ ಬಿಟ್ಟರೆ ಕೊಳೆಯುತ್ತದೆ. ಆದ್ದರಿಂದ ಕೆಲಸ ಮುಗಿದ ಕೂಡಲೇ ಅದನ್ನು ದಡಕ್ಕೆಳೆದು ಬೋರಲು ಹಾಕಿ ಬಿಸಿಲಿಗೆ ಒಣಗಿಸುವುದು ಅಂಬಿಗನ ನಿತ್ಯದ ಕೆಲಸವಾಗಿತ್ತು. ದೋಣಿ ಹಗುರವಾಗಿರುವುದರಿಂದ ಸಣ್ಣ ಹರಿಗೋಲನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಸಾಗಿಸಬಲ್ಲ. ದಾಟುವಾಗಲೆಲ್ಲ ಪ್ರವಾಹ ಅದನ್ನು ಒಂದಿಷ್ಟು ಕೆಳಕ್ಕೆ ಕೊಂಡೊಯ್ಯುವ ಕಾರಣ, ಹಿಂದಿರುಗುವ ಮುನ್ನ ದಡದ ಮೇಲೆ ಹೊತ್ತು ಮೇಲಕ್ಕೆ ನಡೆದು ಅಲ್ಲಿಂದ ಮತ್ತೆ ನೀರಿಗಿಳಿಸುವುದು ಸಾಧ್ಯವಾಗುತ್ತಿತ್ತು. ಬಂಡೆಗೆ ತಾಗಿದರೆ ಮರದ ದೋಣಿಯ ಹಲಗೆ ಒಡೆಯುತ್ತದೆ, ಹರಿಗೋಲಿನ ಬಿದಿರು ಬಾಗಿ ಮತ್ತೆ ಮೊದಲಿನಂತಾಗುತ್ತದೆ.

ಡೊಮಿಂಗೊ ಪಾಯೆಸನ ಬರಹ

ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ದೋಣಿಗಳನ್ನು ಕಂಡು ಬರೆದಿಟ್ಟ ಕೆಲವು ಸಾಲುಗಳು ತುಂಗಭದ್ರೆಯ ಹರಿಗೋಲಿನ ಬಗ್ಗೆ ದೊರೆಯುವ ಮುಖ್ಯ ಐತಿಹಾಸಿಕ ವರ್ಣನೆ. ರಾಜಧಾನಿಯಿಂದ ಆನೆಗೊಂದಿಗೆ ಜನ ಬುಟ್ಟಿಯಂತೆ ದುಂಡಾದ ದೋಣಿಗಳಲ್ಲಿ ದಾಟುತ್ತಾರೆ, ಅವುಗಳ ಒಳಭಾಗ ಬೆತ್ತದ ಹೆಣಿಗೆಯದು, ಹೊರಗೆ ಚರ್ಮದ ಹೊದಿಕೆಯಿದೆ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ ಎಂದು ಅವನು ತಿಳಿಸುತ್ತಾನೆ. ಅಗತ್ಯಬಿದ್ದರೆ ಕುದುರೆ ಎತ್ತುಗಳನ್ನೂ ಅವುಗಳಲ್ಲಿ ಸಾಗಿಸಬಹುದು, ಆದರೆ ಆ ಪ್ರಾಣಿಗಳು ಬಹುಮಟ್ಟಿಗೆ ಈಜಿಯೇ ದಾಟುತ್ತವೆ. ಹುಟ್ಟು ಹಾಕಿ ನಡೆಸುವಾಗ ದೋಣಿ ನೇರ ಸಾಗದೆ ಸದಾ ಸುತ್ತುತ್ತಿರುತ್ತದೆ. ರಾಜ್ಯದಲ್ಲಿ ಹೊಳೆಗಳಿರುವ ಕಡೆಯಲ್ಲೆಲ್ಲ ಇವನ್ನು ಬಿಟ್ಟರೆ ಬೇರೆ ದೋಣಿಯಿಲ್ಲ ಎಂಬುದೂ ಅವನ ಮಾತು. ಈ ಬರಹ ಯುರೋಪಿನ ಗ್ರಂಥಾಲಯದಲ್ಲಿ ಬಹುಕಾಲ ಅಜ್ಞಾತವಾಗಿದ್ದು, 1897ರಲ್ಲಿ ಡೇವಿಡ್ ಲೋಪೆಸ್ ಅದನ್ನು ಮೂಲಭಾಷೆಯಲ್ಲಿ ಪ್ರಕಟಿಸಿದ ಮೇಲೆ, 1900ರಲ್ಲಿ ರಾಬರ್ಟ್ ಸೀವೆಲ್ ತನ್ನ ವಿಜಯನಗರ ಚರಿತ್ರೆಯಲ್ಲಿ ಇಂಗ್ಲಿಷಿಗೆ ತಂದನು.

ದುಂಡು ಬುಟ್ಟಿದೋಣಿ ತುಂಗಭದ್ರೆಗೆ ಮಾತ್ರ ಸೇರಿದ್ದಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬ್ಯಾಬಿಲೋನಿಗೆ ಸರಕು ತರುವ ಚರ್ಮದ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಆ ದೋಣಿಯಲ್ಲಿ ಒಂದು ಕತ್ತೆಯೂ ಇರುತ್ತಿತ್ತು. ಪ್ರವಾಹಕ್ಕೆದುರಾಗಿ ಹಿಂದಿರುಗುವುದು ಅಸಾಧ್ಯವಾದ್ದರಿಂದ ವ್ಯಾಪಾರಿಗಳು ಊರು ಮುಟ್ಟಿದ ಮೇಲೆ ದೋಣಿಯ ಚೌಕಟ್ಟನ್ನು ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನೆಲದ ಹಾದಿಯಲ್ಲಿ ಮರಳುತ್ತಿದ್ದರು. ಇರಾಕಿನ ನದಿಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಬಳಕೆಯಲ್ಲಿದ್ದ ಕುಫ್ಫಾ, ವೇಲ್ಸ್ ನಾಡಿನ ಕೊರಾಕಲ್, ಟಿಬೆಟ್ಟಿನ ಚಮರೀಮೃಗದ ತೊಗಲಿನ ದೋಣಿ, ವಿಯೆಟ್ನಾಂ ಕರಾವಳಿಯ ಬುಟ್ಟಿದೋಣಿ ಇವೆಲ್ಲ ಇದರ ಬಳಗದವು. ಮದ್ರಾಸ್ ಸರ್ಕಾರದ ಮೀನುಗಾರಿಕೆ ಇಲಾಖೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ಹರಿಗೋಲುಗಳನ್ನು ಅಭ್ಯಾಸಮಾಡಿ 1933ರಲ್ಲಿ ಲೇಖನ ಪ್ರಕಟಿಸಿದನು.

ಭಾರ, ಆಳ ಮತ್ತು ಸ್ಥಿರತೆ

ಪಾಯೆಸ್ ಹೇಳಿದ ಸಂಖ್ಯೆ ಉತ್ಪ್ರೇಕ್ಷೆಯೇ ಎಂಬುದನ್ನು ಲೆಕ್ಕ ಹಾಕಿ ಪರೀಕ್ಷಿಸಬಹುದು. ತಳದ ಅಡ್ಡಳತೆ 2.4 ಮೀಟರ್, ಅಂದರೆ ಸುಮಾರು ಎಂಟು ಅಡಿ ಇರುವ ಹರಿಗೋಲಿನ ತಳದ ವಿಸ್ತೀರ್ಣ ಸುಮಾರು 4.5 ಚದರ ಮೀಟರ್ ಆಗುತ್ತದೆ. ಈ ದೋಣಿ ನೀರಿನೊಳಕ್ಕೆ ಒಂದು ಸೆಂಟಿಮೀಟರ್ ಇಳಿದರೆ 45 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ, ಹಾಗಾಗಿ ಪ್ರತಿ ಸೆಂಟಿಮೀಟರಿಗೆ 45 ಕಿಲೋ ಭಾರ ಹೊರುವ ಶಕ್ತಿ ಬರುತ್ತದೆ. ದೋಣಿಯ ತೂಕ 90 ಕಿಲೋ ಎಂದಿಟ್ಟುಕೊಂಡರೆ ಖಾಲಿ ಹರಿಗೋಲು ಎರಡೇ ಸೆಂಟಿಮೀಟರ್ ಮುಳುಗುತ್ತದೆ. ತಲಾ 60 ಕಿಲೋ ತೂಗುವ ಹತ್ತು ಜನ ಕುಳಿತರೆ ಒಟ್ಟು 15 ಸೆಂಟಿಮೀಟರ್, ಇಪ್ಪತ್ತು ಜನ ಕುಳಿತರೆ 29 ಸೆಂಟಿಮೀಟರ್ ಇಳಿಯುತ್ತದೆ. ಗೋಡೆಯ ಎತ್ತರ ಎರಡು ಅಡಿಯಷ್ಟಿದ್ದರೆ ಇಪ್ಪತ್ತು ಜನ ಕುಳಿತಾಗಲೂ ಅರ್ಧದಷ್ಟು ಗೋಡೆ ನೀರಿನ ಮೇಲೆಯೇ ಉಳಿಯುತ್ತದೆ. ಪಾಯೆಸನ ಮಾತು ನಂಬತಕ್ಕದ್ದೇ ಆಗಿದೆ. ಇಷ್ಟು ಭಾರ ಹೊತ್ತರೂ ದೋಣಿ ಒಂದು ಅಡಿಗಿಂತ ಕಡಿಮೆ ಆಳದಲ್ಲಿ ಸಾಗುವುದರಿಂದ, ನೀರಿನ ಕೆಳಗೆ ಬಂಡೆಗಳು ಅಡಗಿರುವ ಹೊಳೆಗೆ ಇದಕ್ಕಿಂತ ಅನುಕೂಲವಾದ ಆಕಾರ ಸಿಗುವುದು ಕಷ್ಟ.

ತೇಲುವುದು ಒಂದು ಪ್ರಶ್ನೆ, ಮಗುಚದೆ ತೇಲುವುದು ಇನ್ನೊಂದು. ಆರ್ಕಿಮಿಡೀಸನ ಗ್ರಂಥದ ಎರಡನೆಯ ಭಾಗ ಈ ಎರಡನೆಯ ಪ್ರಶ್ನೆಗೇ ಮೀಸಲಾಗಿದ್ದು, ಬೋಗುಣಿಯಂತೆ ಬಾಗಿದ ಮೈಯುಳ್ಳ ವಸ್ತುವೊಂದು ವಾಲಿದಾಗ ಮತ್ತೆ ನೆಟ್ಟಗಾಗುವುದು ಯಾವ ಸ್ಥಿತಿಯಲ್ಲಿ ಎಂಬುದನ್ನು ಅದು ಚರ್ಚಿಸುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಪಿಯರ್ ಬೂಗೇರ್ 1746ರ ತನ್ನ ನೌಕಾಶಾಸ್ತ್ರದ ಗ್ರಂಥದಲ್ಲಿ ಇದನ್ನು ಹಡಗುಗಳಿಗೆ ಅನ್ವಯಿಸಿದನು. ದೋಣಿ ಒಂದು ಬದಿಗೆ ವಾಲಿದಾಗ ಆ ಬದಿ ಹೆಚ್ಚು ಮುಳುಗಿ, ಪ್ಲವನ ಬಲ ಅತ್ತ ಕಡೆಗೆ ಸರಿದು ದೋಣಿಯನ್ನು ಹಿಂದಕ್ಕೆ ಒತ್ತುತ್ತದೆ. ಅಗಲ ಹೆಚ್ಚಿದಷ್ಟೂ ಈ ಒತ್ತುವಿಕೆ ಬಲವಾಗುತ್ತದೆ. ಅಗಲವಾದ ಚಪ್ಪಟೆ ತಳ ಮತ್ತು ತಳದಲ್ಲೇ ಕುಳಿತ ಜನ, ಇವೆರಡೂ ಸೇರಿ ಹರಿಗೋಲಿಗೆ ಅಪಾರ ಸ್ಥಿರತೆಯನ್ನು ಕೊಡುತ್ತವೆ. ಆದರೆ ಅದೇ ಲೆಕ್ಕ ಎಚ್ಚರಿಕೆಯನ್ನೂ ಕೊಡುತ್ತದೆ: ಮುಳುಗಿದ ಆಳ ಇಮ್ಮಡಿಯಾದರೆ ತಳದ ಅಗಲದಿಂದ ಬರುವ ಸ್ಥಿರತೆಯ ಅಳತೆ ಅರ್ಧಕ್ಕೆ ಇಳಿಯುತ್ತದೆ. ಹತ್ತು ಜನರಿದ್ದಾಗ ಎಲ್ಲರೂ ಒಂದು ಬದಿಗೆ ಸರಿದರೂ ಉಳಿಯಬಹುದಾದ ದೋಣಿ, ಇಪ್ಪತ್ತು ಜನರಿದ್ದಾಗ ಅಂತಹ ಚಲನೆಯನ್ನು ತಾಳಲಾರದು; ಅಂಚು ಒಮ್ಮೆ ನೀರಿನ ಮಟ್ಟಕ್ಕೆ ಇಳಿದರೆ ಒಳನುಗ್ಗಿದ ನೀರು ವಾಲಿದ ಬದಿಗೇ ಹರಿದು ವಾಲುವಿಕೆಯನ್ನು ಹೆಚ್ಚಿಸುತ್ತದೆ. ಹರಿಗೋಲು ಹತ್ತಿದವರು ಎದ್ದು ನಿಲ್ಲಬಾರದು, ಸುತ್ತಲೂ ಸಮನಾಗಿ ಕೂರಬೇಕು ಎಂಬ ಅಂಬಿಗರ ಕಟ್ಟಪ್ಪಣೆಯ ಹಿಂದೆ ಈ ಕಾರಣವಿದೆ. ಕುದುರೆ ಎತ್ತುಗಳನ್ನು ಈಜಿಸುತ್ತಿದ್ದುದಕ್ಕೂ ಇದೇ ವಿವರಣೆ ಹೊಂದುತ್ತದೆ. ಒಂದು ಕುದುರೆಯ ತೂಕ ಆರೇಳು ಜನರ ತೂಕಕ್ಕಿಂತ ಹೆಚ್ಚಲ್ಲ, ಆದರೆ ನಿಂತ ಪ್ರಾಣಿಯ ಭಾರ ಎತ್ತರದಲ್ಲಿರುತ್ತದೆ, ಬೆದರಿದರೆ ಒಮ್ಮೆಗೇ ಪಕ್ಕಕ್ಕೆ ಸರಿಯುತ್ತದೆ.

ಸುತ್ತುವ ಗುಣವೂ ಆಕಾರದಿಂದಲೇ ಬಂದುದು. ಉದ್ದನೆಯ ದೋಣಿಯ ಮೈ ಪಕ್ಕಕ್ಕೆ ತಿರುಗಲು ನೀರು ತಡೆಯೊಡ್ಡುತ್ತದೆ; ದುಂಡಾದ ದೋಣಿಗೆ ಮುಂಭಾಗ, ಹಿಂಭಾಗ, ಪಕ್ಕ ಎಂಬ ಭೇದವಿಲ್ಲದ್ದರಿಂದ ಒಂದು ಬದಿಯಲ್ಲಿ ಹುಟ್ಟು ಹಾಕಿದರೆ ಅದು ತಿರುಗತೊಡಗುತ್ತದೆ. ಅನುಭವಿ ಅಂಬಿಗ ಹೋಗಬೇಕಾದ ದಿಕ್ಕಿಗೆ ಮುಖಮಾಡಿ ಹುಟ್ಟನ್ನು ಮುಂದಿನಿಂದ ತನ್ನತ್ತ ಸೆಳೆಯುತ್ತಾ, ಎಡಬಲಕ್ಕೆ ಬದಲಿಸಿ ಈ ತಿರುಗುವಿಕೆಯನ್ನು ಹತೋಟಿಯಲ್ಲಿಡುತ್ತಾನೆ.

ಗಾಳಿಯ ವಿಷಯದಲ್ಲೂ ಇದೇ ಲೆಕ್ಕ ನಡೆಯುತ್ತದೆ, ಏಕೆಂದರೆ ಗಾಳಿಗೂ ತೂಕವಿದೆ. ಸಮುದ್ರಮಟ್ಟದಿಂದ ಐನೂರು ಮೀಟರಿಗೆ ಸಮೀಪದ ಎತ್ತರದಲ್ಲಿರುವ ಬಳ್ಳಾರಿಯಲ್ಲಿ ತಾಪ 20 ಡಿಗ್ರಿ ಇರುವ ಚಳಿಗಾಲದ ಬೆಳಗಿನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.14 ಕಿಲೋ ತೂಗಿದರೆ, 40 ಡಿಗ್ರಿಯ ಬೇಸಗೆಯ ಮಧ್ಯಾಹ್ನ 1.06 ಕಿಲೋ ಮಾತ್ರ ತೂಗುತ್ತದೆ. ನೂರು ಡಿಗ್ರಿಗೆ ಕಾಯಿಸಿದ ಗಾಳಿಯ ತೂಕ ಸುಮಾರು 0.89 ಕಿಲೋ ಆದ್ದರಿಂದ, ಬಿಸಿಗಾಳಿಯ ಬಲೂನಿಗೆ ಘನ ಮೀಟರಿಗೆ ದೊರೆಯುವ ಎತ್ತುವ ಶಕ್ತಿ ಚಳಿಯ ಬೆಳಗಿನಲ್ಲಿ 250 ಗ್ರಾಂನಷ್ಟು, ಬೇಸಗೆಯ ಮಧ್ಯಾಹ್ನ 170 ಗ್ರಾಂನಷ್ಟು. ನೀರಿನಲ್ಲಿ ಅದೇ ಗಾತ್ರಕ್ಕೆ ಸಾವಿರ ಕಿಲೋ ಹೊರುವ ಶಕ್ತಿ ದೊರೆಯುತ್ತದೆ. ಮನುಷ್ಯರು ನೀರಿನಲ್ಲಿ ಸಾವಿರಾರು ವರ್ಷಗಳಿಂದ ತೇಲಿಯೂ ಆಕಾಶದಲ್ಲಿ ತೇಲಲು 1783ರಲ್ಲಿ ಫ್ರಾನ್ಸಿನ ಮಾಂಗೊಲ್ಫಿಯೇ ಸಹೋದರರು ದೊಡ್ಡ ಬಲೂನು ಕಟ್ಟುವವರೆಗೆ ಕಾಯಬೇಕಾದುದಕ್ಕೆ ಈ ಅಂತರವೇ ಕಾರಣ. ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾರಿಸುವ ವೈಜ್ಞಾನಿಕ ಬಲೂನುಗಳು ಇಂದಿಗೂ ಕಲ್ಯಾಣ ಕರ್ನಾಟಕದ ಆಕಾಶದ ಕಡೆಗೆ ತೇಲಿ ಬರುವುದುಂಟು. 2025ರ ಜನವರಿಯಲ್ಲಿ ಅಂತಹ ಒಂದು ಬಲೂನು ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಇಳಿದಾಗ ಊರಿನವರು ಬೆರಗಾಗಿದ್ದರು.

ಅಂಬಿಗರು ಮತ್ತು ಎರಡು ರಾಜ್ಯಗಳ ನಡುವಿನ ಹೊಳೆ

ಹರಿಗೋಲು ನಡೆಸುವ ವೃತ್ತಿ ಅಂಬಿಗ, ಕಬ್ಬಲಿಗ, ಬೆಸ್ತ, ಗಂಗಾಮತಸ್ಥ ಮುಂತಾದ ಹೆಸರುಗಳಿಂದ ಕರೆಯಲ್ಪಡುವ ಸಮುದಾಯಗಳ ಕೈಯಲ್ಲಿತ್ತು. ಇವರು ಮೀನು ಹಿಡಿಯುವುದರ ಜೊತೆಗೆ ಬೇಸಾಯವನ್ನೂ ಮಾಡುತ್ತಿದ್ದರು, ಏಕೆಂದರೆ ನದಿ ತಗ್ಗಿದ ತಿಂಗಳುಗಳಲ್ಲಿ ದಾಟಿಸುವ ಕೆಲಸವಿರುತ್ತಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯ ಇದೇ ತುಂಗಭದ್ರೆಯ ಮೇಲ್ಭಾಗದಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಚೌಡಯ್ಯದಾನಪುರದೊಡನೆ ಸಂಬಂಧ ಹೊಂದಿದ್ದವನು. ದೋಣಿ ನಡೆಸುವ ವೃತ್ತಿಯ ಮಾತುಗಳನ್ನೇ ವಚನಕ್ಕೆ ತಂದು ಸಮಾಜವನ್ನು ಪ್ರಶ್ನಿಸಿದವನು. ಅವನು ಬದುಕಿದ ಶತಮಾನದಲ್ಲಿ ಕುರುಗೋಡು ಕಲ್ಯಾಣದ ಚಾಲುಕ್ಯರ ಅಧೀನದಲ್ಲಿದ್ದ ಸಿಂದರ ರಾಜಧಾನಿಯಾಗಿತ್ತು. ಬಲ್ಲಕುಂದೆ ನಾಡನ್ನು ಆಳಿದ ಆ ಮನೆತನದ ಕಾಲದ ಗುಡಿಗಳೂ ಶಾಸನಗಳೂ ಅಲ್ಲಿ ಉಳಿದಿವೆ. ಅರಸರ ಊರು ಗುಡ್ಡದ ಆಸರೆಯಲ್ಲಿದ್ದುದರಿಂದ ಅದಕ್ಕೆ ಶಾಸನಗಳ ಸಾಕ್ಷ್ಯ ದೊರೆತಷ್ಟು, ನದಿಯ ಘಟ್ಟಗಳಲ್ಲಿ ದುಡಿದವರ ಬದುಕಿಗೆ ದೊರೆತಿಲ್ಲ.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ತುಂಗಭದ್ರೆ ರಾಜಕೀಯ ಗಡಿಯಾಯಿತು. ಬಲದಂಡೆಯ ಕಂಪ್ಲಿ ಮತ್ತು ಸಿರುಗುಪ್ಪ ಮದ್ರಾಸ್ ಪ್ರಾಂತಕ್ಕೆ ಸೇರಿದವು, ಎದುರು ದಂಡೆಯ ರಾಯಚೂರು ಸೀಮೆ ನಿಜಾಮನ ಬಳಿ ಉಳಿಯಿತು. ಹೊಳೆಯ ಎರಡೂ ಬದಿಯ ಜನ ಕನ್ನಡವನ್ನೇ ಆಡುತ್ತಿದ್ದರೂ, ಒಂದು ದಡದಿಂದ ಹೊರಟ ಹರಿಗೋಲು ಬೇರೊಂದು ಆಡಳಿತದ ನೆಲ ಮುಟ್ಟುತ್ತಿತ್ತು. ಸೈನ್ಯಗಳಿಗೂ ಈ ದೋಣಿ ಬೇಕಾಯಿತು. 1803ರ ಮಾರ್ಚ್‌ನಲ್ಲಿ ಮರಾಠರ ನಾಡಿಗೆ ದಂಡು ನಡೆಸಿದ ಆರ್ಥರ್ ವೆಲ್ಲೆಸ್ಲಿ ಮೇಲ್ಭಾಗದ ಹಾವನೂರಿನ ಬಳಿ ತುಂಗಭದ್ರೆಯನ್ನು ದಾಟಿದನು. ಮುಂದೆ ಮಳೆಗಾಲ ಬಂದಾಗ ಹೊಳೆಗಳನ್ನು ಹಾಯಲು ಬುಟ್ಟಿದೋಣಿಗಳನ್ನು ಮಾಡಿಸಿಡುವ ಬಗ್ಗೆ ಅವನು ತನ್ನ ಪತ್ರಗಳಲ್ಲಿ ಸೂಚನೆ ನೀಡಿದ್ದಾನೆ. ಯುರೋಪಿನ ಸೈನ್ಯಗಳು ಭಾರವಾದ ತೇಲುಸೇತುವೆಯ ಸಾಮಗ್ರಿಯನ್ನು ಗಾಡಿಗಳಲ್ಲಿ ಒಯ್ಯುತ್ತಿದ್ದ ಕಾಲದಲ್ಲಿ, ದಖ್ಖನಿನ ಯುದ್ಧಕ್ಕೆ ಸ್ಥಳೀಯ ಬಿದಿರು ಮತ್ತು ತೊಗಲು ಸಾಕಾದವು. ಮುಂದೆ 1890ರ ಮದ್ರಾಸ್ ಕಾಲುವೆ ಮತ್ತು ಸಾರ್ವಜನಿಕ ದೋಣಿಘಟ್ಟಗಳ ಕಾಯ್ದೆ ಬಂದು, ದಾಟುವ ಘಟ್ಟಗಳನ್ನು ಸಾರ್ವಜನಿಕವೆಂದು ಘೋಷಿಸುವ, ಸುಂಕ ಗೊತ್ತುಪಡಿಸುವ ಮತ್ತು ಗುತ್ತಿಗೆಗೆ ಕೊಡುವ ಅಧಿಕಾರ ಸರ್ಕಾರಕ್ಕೆ ದೊರೆಯಿತು. ಪರಂಪರೆಯ ವೃತ್ತಿ ಹೀಗೆ ಸರ್ಕಾರಿ ಕಾಗದದ ವ್ಯಾಪ್ತಿಗೆ ಬಂದಿತು.

ಅಣೆಕಟ್ಟು, ಸೇತುವೆ ಮತ್ತು ಬದಲಾದ ಹೊಳೆ

ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಎರಡೂ ದಂಡೆಗಳಲ್ಲಿ ಅಡಿಗಲ್ಲು ಬಿದ್ದು, 1953ರಲ್ಲಿ ಕಾಲುವೆಗಳಿಗೆ ನೀರು ಬಿಡಲಾಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು, 1956ರ ನವೆಂಬರ್ 1ರಂದು ರಾಯಚೂರು ಸೀಮೆಯೂ ಸೇರಿದ್ದರಿಂದ ಈ ಭಾಗದಲ್ಲಿ ತುಂಗಭದ್ರೆ ಗಡಿಯಾಗಿ ಉಳಿಯಲಿಲ್ಲ. ಅಣೆಕಟ್ಟು ಬಂದದ್ದು ಮತ್ತು ಗಡಿ ಅಳಿದದ್ದು, ಈ ಎರಡು ಘಟನೆಗಳು ಹರಿಗೋಲಿನ ನೆಲೆಯನ್ನೇ ಬದಲಿಸಿದವು. ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವೆ ಸೇತುವೆ ಕಟ್ಟುವುದು ಸುಲಭವಾಯಿತು. ಕಂಪ್ಲಿಯಿಂದ ಗಂಗಾವತಿಗೆ, ಸಿರುಗುಪ್ಪದಿಂದ ಧಡೇಸುಗೂರಿನ ಮೂಲಕ ಸಿಂಧನೂರಿಗೆ ಬಸ್ಸು ಲಾರಿಗಳು ಓಡತೊಡಗಿದವು. ಭತ್ತ ಬೆಳೆಯುವ ಪ್ರದೇಶ ವಿಜಯನಗರ ಕಾಲುವೆಗಳ ಅಂಚನ್ನು ಮೀರಿ ಕುರುಗೋಡು ಮತ್ತು ಸಿರುಗುಪ್ಪದ ಕಪ್ಪು ನೆಲಕ್ಕೂ ಹಬ್ಬಿತು. ಹೊಳೆಯಿಲ್ಲದ ಬಳ್ಳಾರಿ ನಗರಕ್ಕೂ ಮೇಲ್ಮಟ್ಟದ ಕಾಲುವೆಯಿಂದ ಅಲ್ಲೀಪುರದ ಕೆರೆ ತುಂಬಿ ಕುಡಿಯುವ ನೀರು ಬಂದಿತು.

ಹೊಳೆಯ ನಡತೆಯೂ ಬದಲಾಯಿತು. ಹಿಂದೆ ನೀರಿನ ಬಣ್ಣ, ತೇಲಿಬರುವ ಕಸಕಡ್ಡಿ ಮತ್ತು ಪ್ರವಾಹದ ಏರಿಳಿತ ನೋಡಿ ಅಂಬಿಗರು ದಾಟಬಹುದೇ ಬಾರದೇ ಎಂದು ತೀರ್ಮಾನಿಸುತ್ತಿದ್ದರು. ಅಣೆಕಟ್ಟಿನ ನಂತರ ಕೆಳಭಾಗದ ನೀರಿನ ಮಟ್ಟವನ್ನು 33 ಗೇಟುಗಳ ಕಾರ್ಯಾಚರಣೆ ನಿರ್ಧರಿಸುತ್ತದೆ. ನೀರು ಬಿಡುವ ಮುನ್ನ ನದಿಪಾತ್ರಕ್ಕೆ ಇಳಿಯಬಾರದೆಂದು ಎಚ್ಚರಿಕೆ ನೀಡಲಾಗುತ್ತದೆ, ಹರಿಗೋಲು ಸಂಚಾರ ನಿಲ್ಲಿಸಲಾಗುತ್ತದೆ. ಅಂತಹ ದಿನಗಳಲ್ಲಿ ಕಂಪ್ಲಿಯ ಸೇತುವೆಯೂ ನೀರಿನಡಿ ಹೋಗಿ ಎರಡು ದಡಗಳ ಸಂಪರ್ಕ ಕಡಿಯುವುದುಂಟು. ಇನ್ನೊಂದೆಡೆ ಸುಮಾರು 378 ಚದರ ಕಿಲೋಮೀಟರ್ ಹರಡಿದ ಜಲಾಶಯ ಮೀನುಗಾರರಿಗೆ ಹೊಸ ನೀರಿನ ಬಯಲನ್ನು ಒದಗಿಸಿತು, ಮತ್ತು ದಾಟುವ ದೋಣಿಯಾಗಿದ್ದ ಹರಿಗೋಲು ಅಲ್ಲಿ ಬಲೆ ಬೀಸುವ ದೋಣಿಯಾಗಿ ಮುಂದುವರಿಯಿತು.

ಹಂಪಿಯ ಬಳಿ ಮಾತ್ರ ದಾಟುವ ಕೆಲಸ ಬಹುಕಾಲ ಉಳಿಯಿತು, ಅದಕ್ಕೆ ಕಾರಣ ವಿಚಿತ್ರವಾದುದು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯ ಪರಿಸರದಲ್ಲಿ ತೂಗುಸೇತುವೆಗಳ ನಿರ್ಮಾಣ ಕೈಗೊಂಡದ್ದರಿಂದ ಯುನೆಸ್ಕೊ 1999ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಆ ಪಟ್ಟಿಯಿಂದ ಹಂಪಿ ಹೊರಬಂದಿತು. ತಳವಾರಘಟ್ಟದಲ್ಲಿ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ ವರ್ಷಗಟ್ಟಲೆ ಅರ್ಧಕ್ಕೆ ನಿಂತು, 2009ರ ಜನವರಿಯಲ್ಲಿ ಕಾಮಗಾರಿಯ ವೇಳೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಹೀಗಾಗಿ ಪಾಯೆಸ್ ಕಂಡ ಘಟ್ಟದ ಆಸುಪಾಸಿನಲ್ಲೇ ಇಪ್ಪತ್ತೊಂದನೆಯ ಶತಮಾನದಲ್ಲೂ ಊರಿನವರು ಮೋಟಾರು ಸೈಕಲ್ಲುಗಳ ಸಮೇತ ಹರಿಗೋಲು ಮತ್ತು ದೋಣಿಗಳಲ್ಲಿ ದಾಟುತ್ತಿದ್ದರು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹಂಪಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಯಿತು; ಅಲ್ಲಿನ ಹರಿಗೋಲಿಗೆ ಈಗ ಪ್ರವಾಸಿಗರೇ ಹೆಚ್ಚಿನ ಆಧಾರ.

ಇಂದಿನ ಹರಿಗೋಲಿನಲ್ಲಿ ಚರ್ಮವಿಲ್ಲ. ಬಿದಿರಿನ ಬುಟ್ಟಿಗೆ ಪ್ಲಾಸ್ಟಿಕ್ ಹಾಳೆ ಅಥವಾ ಗೊಬ್ಬರದ ಚೀಲದಂತಹ ಬಟ್ಟೆ ಹೊದಿಸಿ ಡಾಂಬರು ಬಳಿಯುತ್ತಾರೆ. ಫೈಬರಿನಲ್ಲಿ ಎರಕ ಹೊಯ್ದ ಹರಿಗೋಲುಗಳೂ ಬಂದಿವೆ. ಡಾಂಬರು ನೀರು ಕುಡಿಯದ ಕಾರಣ ದೋಣಿಯನ್ನು ನಿತ್ಯ ಒಣಗಿಸುವ ಕೆಲಸ ತಪ್ಪಿತು, ತೊಗಲು ಹೊಲಿಯುವವರಿಗೂ ಅಂಬಿಗರಿಗೂ ಇದ್ದ ಕೊಡುಕೊಳ್ಳುವ ಸಂಬಂಧವೂ ಕಳಚಿತು. ಹೊದಿಕೆ ಇಷ್ಟೆಲ್ಲ ಬದಲಾದರೂ ದುಂಡಾದ ಆಕಾರ, ಚಪ್ಪಟೆ ತಳ ಮತ್ತು ಒಂದೇ ಹುಟ್ಟಿನ ನಡೆ ಬದಲಾಗಿಲ್ಲ. ಸಾಮಗ್ರಿ ಕಾಲಕ್ಕೆ ತಕ್ಕಂತೆ ದೊರೆತದ್ದು, ಆಕಾರವನ್ನು ನಿಗದಿಪಡಿಸಿದ್ದು ಆಳವಿಲ್ಲದ ಬಂಡೆಹೊಳೆ ಮತ್ತು ನೀರು ಭಾರ ಹೊರುವ ನಿಯಮ. ಬಳ್ಳಾರಿ ಸೀಮೆಯಲ್ಲಿ ಹರಿಗೋಲು ಹಿಂದೆ ಸರಿದುದಕ್ಕೆ ಅದರ ರಚನೆಯಲ್ಲಿ ದೋಷ ಕಂಡುಬಂದದ್ದು ಕಾರಣವಲ್ಲ. ಗಡಿ ಅಳಿದು, ಸೇತುವೆ ಬಂದು, ಹೊಳೆಯ ನೀರು ಗೇಟುಗಳ ಹಿಡಿತಕ್ಕೆ ಸಿಕ್ಕಿದ ಮೇಲೆ ಅದು ಉತ್ತರಿಸುತ್ತಿದ್ದ ಪ್ರಶ್ನೆಯನ್ನು ಕೇಳುವವರು ಕಡಿಮೆಯಾದರು. ಆದುದರಿಂದ ಈ ಸೀಮೆಯ ನೀರಾವರಿಯ ಚರಿತ್ರೆಯನ್ನು ಬರೆಯುವವರು ಕಾಲುವೆ ಮತ್ತು ಅಣೆಕಟ್ಟುಗಳ ಜೊತೆಗೆ ಅವುಗಳಿಂದ ವೃತ್ತಿ ಬದಲಿಸಬೇಕಾದ ಅಂಬಿಗರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.